ನಮ್ಮನೇಲೊಬ್ರು

“ಅಣ್ಣಾ, ಹೊಸ ಆಟ ಶುರುವಾದ ದಿನ ನೀವು ಬರುವವರೆಗೆ ನಾನು ಬಾಗಿಲು ದಾಟುವುದಿಲ್ಲ. ಎಷ್ಟು ಹೊತ್ತಾದರೂ ಸರಿ. ಇದು ಮಾತು.”

ತಂಗಿ ಹೀಗೆ ಮಾತು ಕೊಟ್ಟು ವರ್ಷಗಳೇ ಆಗಿದ್ದವು. ಕೊಟ್ಟದ್ದು ಹಳೆಯ ಕಂಪ್ಯೂಟರ್ ಆಟದ ಕೊನೆಯ ದಿನ. ಕಂಪನಿಯವರು ಆ ಆಟಕ್ಕೆ ಬೀಗ ಹಾಕುತ್ತೇವೆ, ಮುಂದೆ ಇದಕ್ಕಿಂತ ದೊಡ್ಡದೊಂದನ್ನು ತರುತ್ತೇವೆ ಎಂದು ಡಂಗುರ ಹೊಡೆದಿದ್ದರು. ಗಿಲ್ಡಿನವರೆಲ್ಲ, ಅಂದರೆ ಆಟದೊಳಗೆ ಒಟ್ಟಿಗೆ ಬಡಿದಾಡಿ, ಒಟ್ಟಿಗೆ ಸತ್ತು, ಮತ್ತೆ ಎದ್ದು ಒಬ್ಬರನ್ನೊಬ್ಬರು ಬೈದುಕೊಳ್ಳುವ ಆ ಬಳಗದವರೆಲ್ಲ, ಕೋಟೆಯ ಮುಂದಿನ ಸೇತುವೆ ಮೇಲೆ ಸಾಲಾಗಿ ನಿಂತಿದ್ದರು. ಗಿಲ್ಡಿನ ಹೆಸರು ‘ತಡವಾಗಿ ಬಂದವರು’. ಹೆಸರಿಗೆ ತಕ್ಕ ಹಾಗೆ ಅವತ್ತೂ ಅರ್ಧ ಜನ ತಡವಾಗಿಯೇ ಬಂದಿದ್ದರು. ಯಾರೋ ಒಬ್ಬ ಕತ್ತಿ ಎತ್ತಿದ, ಯಾರೋ ಒಬ್ಬ ಕುಣಿದ. ಅಷ್ಟರಲ್ಲಿ ಆಕಾಶ ಬಲ್ಬು ಆರಿದ ಹಾಗೆ ಆರಿಹೋಯಿತು.

ಆ ಮಾತಿಗೂ ಒಂದು ಹಿನ್ನೆಲೆಯಿತ್ತು. ತಂಗಿ ಗಿಲ್ಡಿಗೆ ಸೇರಿದ ಮೊದಲ ದಿನ ಸುರಂಗದ ಬಾಗಿಲಲ್ಲಿ ದಾರಿ ತಪ್ಪಿ ನಿಂತಿದ್ದಳು. ಮಿಕ್ಕವರೆಲ್ಲ ಮುಂದೆ ಓಡಿದರೆ, ‘ಸಿಡಿಲು’ ಎಂಬ ಕತ್ತಿಯಾಳು ಒಬ್ಬ ಮಾತ್ರ ಹಿಂದೆ ಉಳಿದು, “ನಿಧಾನ, ನಾನಿದ್ದೀನಿ” ಎಂದಿದ್ದ. ಅವತ್ತಿನಿಂದ ಸಿಡಿಲು ಎಂದರೆ ಅಣ್ಣ. ಗಾಯಕ್ಕೆ ಮದ್ದು ಹಾಕುವ ‘ಬಿಳಿಪಾರಿವಾಳ’ ಎಂದರೆ ತಂಗಿ. ಗಿಲ್ಡಿಗೆಲ್ಲ ಅವಳು ತಂಗಿಯೇ.

ಅಣ್ಣ ಯಾರು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅಣ್ಣ ಗಂಡಸಲ್ಲ. ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ದಿನವಿಡೀ ಯಂತ್ರಕ್ಕೆ ಗಾಜು ಹಿಡಿದು ಅಂಚು ಸವೆಸುವ ಹೆಂಗಸು. ಒಬ್ಬ ಮಗಳ ತಾಯಿ, ಲಿಫ್ಟ್ ರಿಪೇರಿಯವನೊಬ್ಬನ ಹೆಂಡತಿ. ಸಂಜೆ ಮನೆಗೆ ಬಂದರೆ ಉಗುರಿನ ಸಂದಿಯಲ್ಲಿ ಗಾಜಿನ ಬಿಳಿ ಹಿಟ್ಟು, ಕಿವಿಯಲ್ಲಿ ಯಂತ್ರದ ಗುಯ್ ಸದ್ದು. ಅಡುಗೆ, ಪಾತ್ರೆ, ಮಗಳ ಹೋಮ್‌ವರ್ಕು ಎಲ್ಲ ಮುಗಿದ ಮೇಲೆ ಊಟದ ಮೇಜಿನ ತುದಿಯಲ್ಲಿ ಕಂಪ್ಯೂಟರ್ ತೆರೆದು ಕೂತಳೆಂದರೆ, ಆರಡಿ ಎತ್ತರದ ಮೀಸೆಯ ಕತ್ತಿಯಾಳಾಗಿ ಎರಡು ಕೈಯಲ್ಲೂ ರಾಕ್ಷಸರನ್ನು ಚೆಂಡಾಡುತ್ತಿದ್ದಳು. ಅದೊಂದೇ ಅವಳಿಗೆ ಉಸಿರು ಬಿಡುವ ಜಾಗ.

ಇಷ್ಟು ವರ್ಷ ಯಾರಿಗೂ ಗುಮಾನಿ ಬಂದಿರಲಿಲ್ಲ. ಬರುವುದಾದರೂ ಹೇಗೆ? ಗಿಲ್ಡಿನ ನಾಯಕ ‘ದಳವಾಯಿ’ಯ ಮನೆಯಲ್ಲಿ ಕೂಸು ಸದಾ ಅಳುತ್ತಿತ್ತಾದ್ದರಿಂದ ಮೈಕು ಬೇಡ, ಬರೀ ಟೈಪು ಸಾಕು ಎಂದು ಮೊದಲೇ ತೀರ್ಮಾನವಾಗಿತ್ತು. ಹೊರಗಿನ ಹೆಸರು, ಊರು ಕೇಳಕೂಡದು ಎಂಬುದು ಇನ್ನೊಂದು ಕಟ್ಟು. ಇನ್ನು ಬಂದೆ, ಹೋದೆ, ತಿಂದೆ, ಸತ್ತೆ ಎಂದು ಟೈಪು ಮಾಡುವವರು ಗಂಡೋ ಹೆಣ್ಣೋ ಎಂದು ನಮ್ಮ ಭಾಷೆ ಎಲ್ಲಿ ಬಾಯಿ ಬಿಡುತ್ತದೆ?

ತಂಗಿಯೂ ಹೆಚ್ಚು ಹೇಳಿಕೊಂಡವಳಲ್ಲ. ಆದರೆ ಎಲ್ಲರಂತೆ ಅಡ್ಡಾದಿಡ್ಡಿ ಬರೆಯುತ್ತಿರಲಿಲ್ಲ. ಒಂದಕ್ಷರ ತಪ್ಪಿಲ್ಲದೆ, ಪ್ರತಿ ವಾಕ್ಯಕ್ಕೂ ಚುಕ್ಕೆ ಇಟ್ಟು, ಅದೂ ಎಲ್ಲರಿಗಿಂತ ಬೇಗ ಬರೆಯುತ್ತಿದ್ದಳು. ಯಾವುದೋ ಶಾಲೆಯ ಟೀಚರಮ್ಮ ಇರಬೇಕು, ಹೊಸದಾಗಿ ಮದುವೆಯಾಗಿ ಅತ್ತೆಯ ಕೈಗೆ ಸಿಕ್ಕಿ ನಲುಗುತ್ತಿದೆ ಪಾಪ, ಎಂದು ಅಣ್ಣ ಅಂದಾಜು ಕಟ್ಟಿಕೊಂಡಿದ್ದಳು. ಯಾಕೆಂದರೆ ತಂಗಿ ಆಗಾಗ ಬರೆಯುತ್ತಿದ್ದಳು:

“ನಮ್ಮನೆಯಲ್ಲಿ ಒಬ್ಬರಿದ್ದಾರೆ ಅಣ್ಣ. ನಾನು ಊಟಕ್ಕೆ ಕೂತರೆ ನನ್ನ ಮುಖ ನೋಡದೆ ಬಡಿಸುತ್ತಾರೆ. ನಾನು ಬೆನ್ನು ತಿರುಗಿಸಿದರೆ ಸಾಕು, ಬಾಗಿಲು ಧಡಾರೆಂದು ಹಾಕುತ್ತಾರೆ.”

ಅಣ್ಣನೂ ಉಪ್ಪು ಖಾರ ಹಚ್ಚಿ ಉತ್ತರ ಕೊಡುತ್ತಿದ್ದಳು. “ನಮ್ಮನೇಲೂ ಒಬ್ರು ಇದಾರೆ ತಂಗಿ. ಕಂಬಕ್ಕಾದ್ರೂ ಮಾತು ಬರಬಹುದು, ಇವರಿಗೆ ಬರಲ್ಲ. ಒಂದು ದಿನ ‘ಏನು, ಸುಸ್ತಾ’ ಅಂದಿದ್ದಿಲ್ಲ. ತಟ್ಟೆ ಮುಂದೆ ಕೂತು ಎದ್ದು ಹೋಗ್ತಾರೆ ಅಷ್ಟೆ.”

ಹೀಗೆ ‘ನಮ್ಮನೇಲೊಬ್ರು’ ಎಂಬುದು ಗಿಲ್ಡಿನ ಅಡ್ಡಹೆಸರೇ ಆಗಿಹೋಯಿತು. ರಾಕ್ಷಸ ತೀರಾ ಗಟ್ಟಿಯಾಗಿದ್ದರೆ ‘ಕೊತ್ತಂಬರಿ’ ಎಂಬ ಬಿಲ್ಲುಗಾರ, “ಲೇ, ಇದು ಅಣ್ಣನ ಮನೇಲೊಬ್ರು ಕಣ್ರೋ, ಅಲ್ಲಾಡ್ತಾನೇ ಇಲ್ಲ” ಎನ್ನುತ್ತಿದ್ದ. ಬಾಗಿಲು ಮುರಿಯುವ ಭೂತ ಬಂದರೆ ಅದು ತಂಗಿಯ ಮನೇಲೊಬ್ರು.

ಅಣ್ಣನ ಮನೆಯ ಆ ಒಬ್ಬರು ಅವಳ ಮಾವ. ಯಾವುದೋ ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಇವರ ಜೊತೆಗೇ ಇದ್ದರು. ಮಹಡಿಯಲ್ಲಿ ಮಗನ ಸಂಸಾರ. ಕೆಳಗೆ, ಮೊದಲು ಸಾಮಾನು ತುಂಬುತ್ತಿದ್ದ ಕೋಣೆಯಲ್ಲಿ ಮಾವ. ಊಟಕ್ಕೆ ಮೇಲೆ ಬರುವರು, ಮುಗಿಸಿ ಕೆಳಗೆ ಹೋಗುವರು. ಅವರ ಎರಡು ಕಣ್ಣಿನ ನಂಬರೂ ಸೊಸೆಗೆ ಬಾಯಿಪಾಠವಾಗಿತ್ತು, ಕನ್ನಡಕ ಮಾಡಿಕೊಟ್ಟವಳು ಅವಳೇ. ಕಣ್ಣಿನ ಹಿಂದೆ ಏನಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಆ ಮಾವ ಕಳೆದ ವಾರ ಊಟದ ಮಧ್ಯೆ ಮಗನಿಗೆ ಹೇಳಿದ್ದರು: “ಹಳೇ ಕಚೇರಿಯವನೊಬ್ಬ ಒಂಟಿ ಇದ್ದಾನೆ. ಅವನ ಜೊತೆ ಹೋಗಿ ಇರ್ತೀನಿ. ಮುಂದಿನ ತಿಂಗಳು.”

“ಯಾಕಪ್ಪಾ? ಇಲ್ಲೇನಾಯ್ತು?” ಮಗ ಅನ್ನದಲ್ಲೇ ಕೈ ನಿಲ್ಲಿಸಿದ.

“ಏನೂ ಆಗಿಲ್ಲ.”

ಮಗ ಹೆಂಡತಿಯ ಮುಖ ನೋಡಿದ. ಹೆಂಡತಿ ಸಾರಿನ ಪಾತ್ರೆ ನೋಡಿದಳು. ಆಮೇಲೆ, ಆಟ ಮುಚ್ಚಿದ ಮೇಲೂ ಫೋನಿನಲ್ಲಿ ಉಳಿದಿದ್ದ ಗಿಲ್ಡಿನ ಚಾಟಿನಲ್ಲಿ ಬರೆದಳು: “ನಮ್ಮನೇಲೊಬ್ರು ಜಾಗ ಖಾಲಿ ಮಾಡ್ತಾರಂತೆ!”

ಅದರ ಬೆನ್ನಿಗೇ ತಂಗಿ ಬರೆದಿದ್ದಳು: “ನಿಮಗೆ ಒಳ್ಳೆಯದಾಯಿತು ಅಣ್ಣ. ನಾನೂ ನೀವು ಹೇಳಿದಂತೆ ಬೇರೆ ಹೋಗಲು ನಿರ್ಧರಿಸಿದೆ. ಅಷ್ಟು ಬೇಡವಾದ ಕಡೆ ಯಾಕೆ ಇರಬೇಕು ಎಂದು ನೀವು ಕೇಳಿದ ಮೇಲೆ ನನಗೂ ಧೈರ್ಯ ಬಂತು.”

“ಭೇಷ್! ಇಬ್ರಿಗೂ ಒಟ್ಟಿಗೇ ಬಿಡುಗಡೆ ನೋಡು ತಂಗಿ!” ಎಂದು ಅಣ್ಣ ಬೆನ್ನು ತಟ್ಟಿದ್ದಳು.

ಹೊಸ ಆಟ ಬಿಡುಗಡೆಯಾದದ್ದು ಒಂದು ಭಾನುವಾರ. ಗಂಡನಿಗೆ ಬೆಳಿಗ್ಗೆಯೇ ಫೋನು ಬಂದು, ಯಾವುದೋ ಕಟ್ಟಡದ ಲಿಫ್ಟು ಎರಡು ಅಂತಸ್ತಿನ ನಡುವೆ ಸಿಕ್ಕಿಕೊಂಡಿದೆಯೆಂದು ಓಡಿದ್ದ. ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಮಾವನಿಗೆ ಬಡಿಸಿದ್ದಾಯಿತು, ಯಾವತ್ತೂ ಅನ್ನ ಎಣಿಸಿದ ಹಾಗೆ ಉಣ್ಣುವವರು ಅವತ್ತು ಗಬಗಬ ಉಂಡು, ಮಜ್ಜಿಗೆಯನ್ನೂ ಮುಟ್ಟದೆ ಕೆಳಗಿಳಿದರು. ಅವಳಿಗೂ ಅದೇ ಬೇಕಾಗಿತ್ತು. ಪಾತ್ರೆಗಳನ್ನು ಸಿಂಕಿಗೆ ತಳ್ಳಿ, ಒದ್ದೆ ಕೈ ಸೀರೆಗೆ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಪಕ್ಕದಲ್ಲಿ ಫೋನು, ಗಿಲ್ಡಿನ ಹರಟೆಯೆಲ್ಲ ಅದರಲ್ಲಿ.

ಹರಟೆ ಆಗಲೇ ಕುದಿಯುತ್ತಿತ್ತು.

“ನನ್ನ ಮುಂದೆ ತೊಂಬತ್ತು ಸಾವಿರ ಜನ ಇದಾರೆ ಗುರುಗಳೇ,” ದಳವಾಯಿ ನಸುಕಿನಲ್ಲೇ ಬರೆದಿದ್ದ. “ತೊಂಬತ್ತು ಸಾವಿರ! ನನ್ನ ಅಂಗಡಿಗೆ ದಿನಕ್ಕೆ ತೊಂಬತ್ತು ಜನ ಬಂದಿದ್ರೆ ನಾನು ಇಲ್ಲಿ ಕತ್ತಿ ಗುರಾಣಿ ಹಿಡ್ಕೊಂಡು ಕೂರ್ತಿದ್ನಾ?”

“ನಾನು ಸ್ನಾನ ಮುಗಿಸಿ ಬಂದೆ, ಸಾಲು ಹನ್ನೆರಡು ಜನ ಮುಂದೆ ಹೋಗಿದೆ,” ಎಂದಿದ್ದ ಕೊತ್ತಂಬರಿ. “ಈ ಲೆಕ್ಕದಲ್ಲಿ ನನ್ನ ಮಗನ ಮದುವೆ ಹೊತ್ತಿಗೆ ಒಳಗಿರ್ತೀನಿ.”

“ನಿಂಗೇ ಮದುವೆ ಆಗಿಲ್ವಲ್ಲೋ.”

“ಅದಕ್ಕೇ ಹೇಳಿದ್ದು.”

ಹೊಸ ಆಟದ ಊರಿಗೆ ಒಂದೇ ಹೆಬ್ಬಾಗಿಲು. ಅದರ ಹೊರಗೆ ಎಲ್ಲರೂ ಸಾಲಿನಲ್ಲಿ ಕಾಯಬೇಕು. ಸರದಿ ಬಂದಾಗ ಬಾಗಿಲು ಸ್ವಲ್ಪ ಹೊತ್ತು ತೆರೆದಿರುತ್ತದೆ. ಅಷ್ಟರಲ್ಲಿ ಗುಂಡಿ ಒತ್ತಿ ಒಳಗೆ ಹೋಗಬೇಕು. ಹೋಗದಿದ್ದರೆ ಮತ್ತೆ ಬಾಲಕ್ಕೆ. ನಸುಕಿನಲ್ಲೇ ಸಾಲಿಗೆ ಸೇರಿದವರು ಇನ್ನೇನು ಬಾಗಿಲ ಹತ್ತಿರವಿದ್ದರು. ತಂಗಿಯೂ ಅವರಲ್ಲೊಬ್ಬಳು.

“ಅಣ್ಣ ಇನ್ನೂ ಬಂದಿಲ್ಲವೇ?” ತಂಗಿ ಆಗಲೇ ಮೂರು ಸಲ ಕೇಳಿದ್ದಳು.

“ಬಂದೆ ಬಂದೆ,” ಎಂದು ಬರೆದು ಅವಳು ಆಟ ತೆರೆದಳು. ಹೆಸರು, ಗುಟ್ಟಿನ ಪದ ಎಲ್ಲ ಹೊಡೆದು ‘ಸಾಲಿಗೆ ಸೇರಿ’ ಒತ್ತಿದಳು.

ಪರದೆಯ ಮೇಲೆ ಕೆಂಪು ಪಟ್ಟಿಯೊಂದು ಮೂಡಿತು. *ಜನದಟ್ಟಣೆಯ ಕಾರಣ ಸದ್ಯಕ್ಕೆ ಒಂದು ಮನೆಯ ಸಂಪರ್ಕದಿಂದ ಒಬ್ಬರಿಗೆ ಮಾತ್ರ ಅವಕಾಶ. ನಿಮ್ಮ ಮನೆಯಿಂದ ಒಬ್ಬರು ಈಗಾಗಲೇ ಸಾಲಿನಲ್ಲಿದ್ದಾರೆ.*

ಅವಳು ಎರಡು ಸಲ ಓದಿದಳು. ಮತ್ತೆ ಒತ್ತಿದಳು. ಮತ್ತೆ ಅದೇ.

“ನಮ್ಮ ಮನೆಯಿಂದ ಒಬ್ರು ಆಗಲೇ ಸಾಲಲ್ಲಿದಾರಂತೆ ಕಣ್ರೋ! ಮನೇಲಿ ನನ್ನ ಬಿಟ್ರೆ ನರಪಿಳ್ಳೆ ಇಲ್ಲ!”

“ದೆವ್ವ ಇರ್ಬೇಕು,” ಎಂದ ಕೊತ್ತಂಬರಿ.

“ದೆವ್ವ ಅಲ್ಲ, ಪಕ್ಕದ ಮನೆಯವನು. ನಿನ್ನ ವೈಫೈ ಕದೀತಿದಾನೆ,” ಎಂದ ದಳವಾಯಿ. “ಪೆಟ್ಟಿಗೆ ಆರಿಸಿ ಹಾಕು. ಅವನು ಉದುರಿ ಹೋಗ್ತಾನೆ.”

ಸರಿ ಅನ್ನಿಸಿತು. ಪಕ್ಕದ ಮನೆಯ ಹುಡುಗನ ಮುಖವೇ ಹಾಗಿತ್ತು. ವೈಫೈ ಪೆಟ್ಟಿಗೆ ಫ್ರಿಜ್ಜಿನ ತಲೆಯ ಮೇಲಿತ್ತು. ತುದಿಗಾಲಲ್ಲಿ ನಿಂತು ಅದರ ಸ್ವಿಚ್ಚು ಆರಿಸಿ, “ಹೋಗು ಕಳ್ಳ, ಬಾಲಕ್ಕೆ ಹೋಗು” ಎಂದಳು.

ಫೋನು ತನ್ನ ಸ್ವಂತ ಸಿಗ್ನಲಿನ ಮೇಲೆ ನಡೆಯುತ್ತಿತ್ತು. ಅದರಲ್ಲಿ ನೋಡುತ್ತಿದ್ದಂತೆ ತಂಗಿಯ ಹೆಸರಿನ ಮುಂದಿದ್ದ ಹಸಿರು ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತು.

“ಅಯ್ಯೋ, ತಂಗಿ ಹೋದ್ಲು!” ದಳವಾಯಿ ಕಿರುಚಿದ. “ಬಾಗಿಲ ಹತ್ರ ಬಂದಿದ್ಲಲ್ರೋ! ಬೇಗ ವಾಪಸ್ ಬರದಿದ್ರೆ ಜಾಗ ಹೋಗುತ್ತೆ!”

ಅವಳಿಗೆ ಅದರಲ್ಲೇನೂ ಕಾಣಲಿಲ್ಲ. ಪಾಪ, ಇವತ್ತೇ ಇವಳ ಇಂಟರ್ನೆಟ್ಟೂ ಹೋಗಬೇಕಿತ್ತಾ, ಎಂದುಕೊಂಡಳು ಅಷ್ಟೆ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ದಡದಡನೆ, ಇಬ್ಬಿಬ್ಬರು ಓಡಿ ಬಂದ ಹಾಗೆ. ಅವಳು ಅಂಗೈಯಿಂದ ಪರದೆ ಮುಚ್ಚಲು ಹೋಗಿ, ಆಗದೆ, ಒಗೆಯಲು ಇಟ್ಟಿದ್ದ ಟವೆಲ್ಲನ್ನೇ ಅದರ ಮೇಲೆಸೆದಳು. ಬಾಗಿಲಲ್ಲಿ ಮಾವ ನಿಂತಿದ್ದರು. ಏದುಸಿರು ಬಿಡುತ್ತಿದ್ದರು. ಕನ್ನಡಕ ಹಣೆಗೇರಿತ್ತು.

“ಏನಮ್ಮ,” ಎಂದರು. “ಇಂಟರ್ನೆಟ್ ಹೋಯ್ತಾ?”

ಮದುವೆಯಾಗಿ ಬಂದಾಗಿನಿಂದ ಆ ಮನುಷ್ಯ ತಾನಾಗಿ ಬಂದು ಕೇಳಿದ ಮೊದಲ ಪ್ರಶ್ನೆ ಅದು.

“ಹೂಂ ಮಾವ. ನಾನೇ ಆರಿಸಿದ್ದೆ,” ಎಂದಳು, ಟವೆಲ್ಲಿನ ಮೇಲೆ ಕಣ್ಣಿಟ್ಟು.

“ಹಾಕ್ತೀಯೇನಮ್ಮ? ಸ್ವಲ್ಪ… ಸುದ್ದಿ ನೋಡ್ತಿದ್ದೆ.”

ಹಾಕಿದಳು. ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಮಾವ ಆ ದೀಪಗಳನ್ನೇ, ಮೊಮ್ಮಗಳ ಜ್ವರ ಇಳಿಯುವುದನ್ನು ಕಾಯುವವರ ಹಾಗೆ ನೋಡುತ್ತಿದ್ದು, ಕೊನೆಯದು ಹತ್ತಿದ್ದೇ ತಿರುಗಿ ಹೊರಟರು. ಅವರ ಬೆನ್ನಿಗೇ ಅವಳು ಬಾಗಿಲು ಎಳೆದಳು. ಬಾಗಿಲು ಎಂದಿನಂತೆ ಧಡಾರೆಂದಿತು.

ಬಂದು ಕೂತು ಫೋನು ನೋಡಿದಳು. ತಂಗಿಯ ಚುಕ್ಕೆ ಮತ್ತೆ ಹಸಿರಾಗಿತ್ತು.

“ಬಂದೆ. ಜಾಗ ಉಳಿದಿದೆ. ದೇವರು ದೊಡ್ಡವನು. ನಮ್ಮನೆಯಲ್ಲಿ ಒಬ್ಬರು ಪೆಟ್ಟಿಗೆ ಆರಿಸಿದ್ದರು. ಹೋಗಿ ಕೇಳಿದರೆ ಮುಖ ಕೊಟ್ಟು ಮಾತಾಡಲಿಲ್ಲ. ನಾನು ತಿರುಗಿದ ಕೂಡಲೇ ಬಾಗಿಲು ಧಡಾರೆಂದು ಹಾಕಿದರು.”

ಅವಳು ಓದಿದಳು. ಅಕ್ಷರಗಳು ಇದ್ದಲ್ಲೇ ಇದ್ದವು. ಚುಕ್ಕೆಗಳು ಚುಕ್ಕೆಯ ಜಾಗದಲ್ಲಿ.

ಬಾಗಿಲ ಕಡೆ ನೋಡಿದಳು. ಫೋನಿನ ಕಡೆ ನೋಡಿದಳು. ಬಾಗಿಲ ಚಿಲಕ ಇನ್ನೂ ಸಣ್ಣಗೆ ಅಲ್ಲಾಡುತ್ತಿತ್ತು.

ಮೊದಲು ಬಂದದ್ದು ಒಂದು ಥರದ ನಗು, ಗಂಟಲಲ್ಲೇ ಸಿಕ್ಕಿ ಬಿಕ್ಕಳಿಕೆಯಾಯಿತು. ತಂಗಿ! ಬಿಳಿ ರೆಕ್ಕೆಯ, ಬೆಳ್ಳಿ ಗೆಜ್ಜೆಯ, “ಅಣ್ಣಾ, ನಿಮಗೆ ಪೆಟ್ಟಾಯಿತೇ” ಎಂದು ಓಡಿ ಬರುವ ತಂಗಿ! ಕೆಳಗೆ ಬನಿಯನ್ನು ಲುಂಗಿಯಲ್ಲಿ ಕೂತಿರುವ ತಂಗಿ! ಅವಳು ತನ್ನ ಮಾವನನ್ನು ಇಷ್ಟು ವರ್ಷ ‘ಏನೇ ತಂಗಿ, ಬಾರೇ ಇಲ್ಲಿ’ ಎಂದು ಕರೆದಿದ್ದಳು. ಆ ಮಾವ ಅವಳನ್ನು ಬಾಯಿತುಂಬ ಅಣ್ಣ ಎಂದಿದ್ದರು.

ಇದು ಹೇಗೆ ಸಾಧ್ಯ? ಕೋಟಿ ಜನರಲ್ಲಿ ಅದೇ ಗಿಲ್ಡು? ಹೊಳೆದಾಗ ತಲೆ ಮೇಲೆ ಕೈಹೊತ್ತಳು. ಆ ಆಟ ಮೊದಲು ಆಡಿದವನು ಅವಳ ಗಂಡ. ಈ ಗಿಲ್ಡಿಗೆ ಸೇರಿ, ನಾಲ್ಕು ದಿನಕ್ಕೆ ಬೇಜಾರಾಗಿ ಬಿಟ್ಟವನು ಅವನೇ. ಅವನು ಬಿಟ್ಟ ಜಾಗಕ್ಕೆ ಅವಳು ಸೇರಿದ್ದು. ಆಮೇಲೆ ಹೊಸ ಕಂಪ್ಯೂಟರ್ ಬಂದಾಗ, “ಅಪ್ಪ ಸುದ್ದಿಗಿದ್ದಿ ನೋಡ್ಕೊಳ್ಲಿ” ಎಂದು ಹಳೆಯದನ್ನು ಕೆಳಗೆ ಕೊಟ್ಟಿದ್ದರು. ಆಟ ಅದರೊಳಗೆ ಹಾಗೇ ಇತ್ತು, ಗಿಲ್ಡಿನ ವಿಳಾಸವೂ ಹಾಗೇ ಇತ್ತು. ತೆಗೆಯಬೇಕೆಂದು ಯಾರಿಗೂ ತೋಚಿರಲಿಲ್ಲ.

ಹಾಗಾದರೆ ತಂಗಿಯ ಮನೆಯ ಆ ಒಬ್ಬರು?

ಅತ್ತೆಯೆಂದು ಅಂದುಕೊಂಡಿದ್ದಳಲ್ಲ, ಯಾವುದೋ ಗಯ್ಯಾಳಿ ಅತ್ತೆ. ಒಬ್ಬರಿದ್ದಾರೆ, ಬಡಿಸುತ್ತಾರೆ, ಹಾಕುತ್ತಾರೆ. ಆ ಬಹುವಚನದ ಸೆರಗಿನಡಿ ಯಾರು ಬೇಕಾದರೂ ಅಡಗಬಹುದು. ಅಡಗಿದ್ದವಳು ಅವಳೇ. ಆ ಒಬ್ಬರ ಮೇಲೆ ಅವಳೇ ಹಲ್ಲು ಕಡಿದಿದ್ದಳು. ‘ಅಂಥೋರಿಗೆ ನಾಲಿಗೆ ಇಲ್ಲ, ಎದೇಲೂ ಏನಿಲ್ಲ ತಂಗಿ’ ಎಂದು ಬರೆದಿದ್ದಳು. ‘ಅಷ್ಟು ಬೇಡವಾದ ಕಡೆ ಯಾಕೆ ಇರ್ತೀಯ, ಬೇರೆ ಹೋಗು’ ಎಂದು ಹೇಳಿದ್ದೂ ಅವಳೇ.

ಬೇರೆ ಹೋಗು.

ಮುಂದಿನ ತಿಂಗಳು, ಏನೂ ಆಗಿಲ್ಲ ಎಂದಿದ್ದರಲ್ಲ ಮಾವ. ಗಂಡ ರಾತ್ರಿಯಿಡೀ ಮಗ್ಗುಲು ಬದಲಿಸುತ್ತ, “ನಾನೇನು ಮಾಡ್ದೆ ಹೇಳು” ಎಂದು ಕೇಳಿದ್ದನಲ್ಲ. ಅವರನ್ನು ಮನೆಯಿಂದ ಹೊರಡಿಸಿದ್ದು ಅವಳ ಹತ್ತು ಬೆರಳು. ಹೊರಡಿಸಿ, ಭೇಷ್ ಎಂದೂ ಹೇಳಿದ್ದಳು!

ಎದ್ದು ನೀರು ಕುಡಿದಳು. ಲೋಟ ಸಿಂಕಿನಲ್ಲಿಡುವ ಬದಲು ಫ್ರಿಜ್ಜಿನೊಳಗಿಟ್ಟಳು.

ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು.

“ನನ್ನ ಸರದಿ ಬಂತು!!” ಕೊತ್ತಂಬರಿ. “ಒಳಗೆ ಹೋದೆ! ಅಯ್ಯಯ್ಯೋ ಏನ್ ಜನ! ಕಾಲಿಡಕ್ಕೆ ಜಾಗ ಇಲ್ಲ, ಒಂದು ಮೊಲ ಹೊಡೆಯೋಕೆ ಐವತ್ತು ಜನ ನಿಂತಿದಾರೆ!”

“ನಾನೂ ಒಳಗೆ,” ದಳವಾಯಿ. “ಆಟ ಚಿಂದಿ. ನನ್ನ ಕುದುರೆಗೆ ತಲೆ ಬಂದಿಲ್ಲ. ತಲೆ ಇಲ್ಲದೇ ಓಡ್ತಿದೆ.”

“ಚಿಂತಿಲ್ಲ, ಸವಾರನಿಗೂ ಇಲ್ಲ.”

“ತಂಗೀ, ನೀನೆಲ್ಲಿ? ನಿನ್ನ ಸರದಿ ಬಂದಿರ್ಬೇಕಲ್ಲ?”

“ಬಂದಿದೆ. ಬಾಗಿಲು ತೆರೆದಿದೆ,” ಎಂದು ತಂಗಿ ಬರೆದಳು. “ಅಣ್ಣ ಎಲ್ಲಿ?”

“ಅಣ್ಣನ ವೈಫೈ ಕಳ್ಳರ ಪಾಲು. ನೀ ಬಾ.”

“ಅಣ್ಣ ಬರದೆ ದಾಟುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.”

“ಶುರುವಾಯ್ತು ಅಣ್ಣ ತಂಗಿ ಸೆಂಟಿಮೆಂಟು! ಬಾಗಿಲು ಮುಚ್ಚಿದ್ರೆ ಮತ್ತೆ ಬಾಲಕ್ಕೆ ಕಣೇ! ಈಗ ಬಾಲದಲ್ಲಿ ಎರಡು ಲಕ್ಷ ಜನ ಇದಾರೆ! ಮದ್ದು ಹಾಕೋರಿಲ್ದೆ ನಾವಿಲ್ಲಿ ಮೊಲದ ಕೈಲಿ ಸಾಯ್ತಿದೀವಿ!”

ಅವಳು ಬರೆದಳು: “ತಂಗಿ, ನೀನು ಹೋಗು. ನನಗೆ ಬರಕ್ಕಾಗಲ್ಲ.”

‘ನೀನು’ ಎಂಬ ಪದ ಬರೆಯುವಾಗಲೇ ಬೆರಳು ಸುಟ್ಟಂತಾಯಿತು. ಅಳಿಸಲು ಹೋದಳು, ಹೋಗಿಬಿಟ್ಟಿತ್ತು.

“ಯಾಕೆ ಅಣ್ಣ? ಏನಾಯಿತು? ಹುಷಾರಾಗಿದ್ದೀರಾ?” ಒಂದು ಕ್ಷಣ ಬಿಟ್ಟು ಮತ್ತೆ: “ಅಣ್ಣ, ಇನ್ನು ಸ್ವಲ್ಪ ದಿನಕ್ಕೆ ನಾನು ಹೋಗುವ ಕಡೆ ಇಂಟರ್ನೆಟ್ ಇದೆಯೋ ಇಲ್ಲವೋ ಗೊತ್ತಿಲ್ಲ. ಇವತ್ತೊಂದು ದಿನ ನಿಮ್ಮ ಜೊತೆ ಬಾಗಿಲು ದಾಟಬೇಕು ಎಂದಿತ್ತು. ಕಾಯುತ್ತೇನೆ. ನೀವು ನಿಧಾನವಾಗಿ ಬನ್ನಿ.”

ಇನ್ನು ಅಲ್ಲಿ ಕೂರಲು ಅವಳಿಂದಾಗಲಿಲ್ಲ. ಹೇಳದೆ ಸುಮ್ಮನಿದ್ದರೆ ತಂಗಿ ತಂಗಿಯಾಗಿಯೇ ಇರುತ್ತಾಳೆ, ಮಾವ ಮಾತ್ರ ಗಂಟುಮೂಟೆ ಕಟ್ಟುತ್ತಾರೆ. ಹೇಳಿದರೆ ಮಾವ ಮತ್ತೆ ತನ್ನ ಮುಖ ನೋಡುತ್ತಾರೋ ಇಲ್ಲವೋ; ತಂಗಿಯಂತೂ ಇವತ್ತಿಗೇ ಮುಗಿದಳು. ದಿನದ ಕೊನೆಯಲ್ಲಿ ‘ಅಣ್ಣಾ, ಇವತ್ತು ಸುಸ್ತಾಗಿದ್ದೀರಾ’ ಎಂದು ಕೇಳುತ್ತಿದ್ದ ಒಂದೇ ಒಂದು ಜೀವ ಅದು.

ಕೇಳುತ್ತಿದ್ದದ್ದು ಯಾರು ಎಂಬುದು ಆಗ ಮತ್ತೊಮ್ಮೆ ತಲೆಗೆ ಬಡಿಯಿತು. ಅವಳು ಎದ್ದು ಬಾಗಿಲು ತೆರೆದು ಕೆಳಗಿಳಿದಳು.

ಕೆಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹೆಜ್ಜೆ ಸದ್ದಿಗೆ ಮಾವ ಗಡಬಡಿಸಿ ಹತ್ತಿರದಲ್ಲಿದ್ದ ಪೇಪರನ್ನು ಪರದೆಗೆ ಅಡ್ಡ ಹಿಡಿದರು. ಅವಳು ಟವೆಲ್ಲು ಎಸೆದ ಹಾಗೆಯೇ. ಪೇಪರಿನ ಅಂಚಿನಿಂದ ಬಿಳಿ ರೆಕ್ಕೆಯೊಂದು ಹೊರಗೆ ಇಣುಕುತ್ತಿತ್ತು. ಅದರ ಪಕ್ಕ ದೊಡ್ಡ ಕಲ್ಲಿನ ಬಾಗಿಲು, ತೆರೆದೇ ಇತ್ತು.

“ಮತ್ತೆ ಆರಿಸ್ತೀಯೇನಮ್ಮ?” ಮಾವನ ದನಿಯಲ್ಲಿ ಹೆದರಿಕೆಯಿತ್ತು. “ಒಂದು ಸ್ವಲ್ಪ ಹೊತ್ತು ಬಿಟ್ಟು…”

ಅವಳು ಏನೇನೋ ಹೇಳಬೇಕೆಂದು ಮೆಟ್ಟಿಲ ಮೇಲೆ ಜೋಡಿಸಿಕೊಂಡು ಬಂದಿದ್ದಳು. ಬಾಯಿ ಬಿಟ್ಟರೆ ಬಂದದ್ದು ಒಂದೇ.

“ಬಂದೆ ತಂಗಿ.”

ಮಾವ ಅವಳ ಹಿಂದೆ ನೋಡಿದರು, ಅವಳ ಜೊತೆ ಇನ್ಯಾರೋ ಬಂದಿದ್ದಾರೇನೋ ಎಂಬಂತೆ. ಯಾರೂ ಇರಲಿಲ್ಲ. ಪೇಪರು ಕೈಯಿಂದ ಜಾರಿತು.

“ನಿಧಾನ,” ಎಂದಳು ಅವಳು. “ನಾನಿದ್ದೀನಿ.”

ಸುರಂಗದ ಬಾಗಿಲಲ್ಲಿ ಮೊದಲ ದಿನ ಆಡಿದ ಆ ಮಾತು ಬೇರೆ ಯಾರಿಗೂ ನೆನಪಿರುವಂಥದ್ದಲ್ಲ. ಮಾವ ಕುರ್ಚಿಯ ಕೈ ಹಿಡಿದುಕೊಂಡರು. ಕನ್ನಡಕ ತೆಗೆದರು, ಒರೆಸದೆ ಮತ್ತೆ ಹಾಕಿಕೊಂಡರು. ಅವಳೇ ಅಂಚು ಸವೆಸಿದ ಗಾಜಿನ ಹಿಂದೆ ಕಣ್ಣುಗಳು ಅಗಲವಾಗಿ, ರೆಪ್ಪೆ ಬಡಿಯದೆ ನಿಂತಿದ್ದವು.

“ಅಣ್ಣ?” ಎಂದರು ಕೊನೆಗೆ. “ನೀನಾ… ನೀವಾ…” ಯಾವುದನ್ನು ಹಿಡಿಯಬೇಕೋ ತಿಳಿಯದೆ ಎರಡನ್ನೂ ಬಿಟ್ಟರು.

“ಹೂಂ ಮಾವ.”

“ಹಾಗಾದ್ರೆ ಆ ಕಂಬ…”

“ನೀವೇ.”

“ಎದೇಲಿ ಏನೂ ಇಲ್ಲದೋರು…”

“ನಾನೇ.”

ಬಾಗಿಲು ಮುಚ್ಚಲು ಉಳಿದ ಹೊತ್ತನ್ನು ಎಣಿಸುತ್ತ ಪರದೆಯ ಮೂಲೆಯಲ್ಲಿ ಕಡಿಮೆಯಾಗುತ್ತಿದ್ದ ಅಂಕಿಗಳ ಕಡೆ ಇಬ್ಬರ ಗಮನವೂ ಇರಲಿಲ್ಲ. ಮಾವ ನೆಲ ನೋಡುತ್ತ ಕೂತಿದ್ದರು. ಕಿವಿ ಕೆಂಪಾಗಿತ್ತು. ತಾವು ಬರೆದದ್ದನ್ನೆಲ್ಲ ಮೊದಲಿನಿಂದ ಓದಿಕೊಳ್ಳುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು; ಅವಳೂ ಈಗಷ್ಟೇ ಆ ದಾರಿಯಲ್ಲಿ ಹೋಗಿ ಬಂದವಳು.

“ಅಂಥಾ ದ್ವೇಷ ಏನಮ್ಮ ನನ್ನ ಮೇಲೆ?” ಎಂದರು. “ಆ ಬಾಗಿಲು… ದಿನಾ ಬೆನ್ನಿಗೆ ಹೊಡೆದ ಹಾಗೆ.”

“ಅಯ್ಯೋ ಮಾವ! ಅದು ಕೆಳಗೆ ನೆಲಕ್ಕೆ ತಾಗುತ್ತೆ. ಜೋರಾಗಿ ಎಳೀದಿದ್ರೆ ಹಾಕಿಕೊಳ್ಳೋದೇ ಇಲ್ಲ. ನಿಮ್ಮ ಮಗನಿಗೆ ಹೇಳಿ ಹೇಳಿ ಸಾಕಾಗಿದೆ, ಊರ ಲಿಫ್ಟೆಲ್ಲ ಸರಿ ಮಾಡ್ತಾರೆ, ಮನೆ ಬಾಗಿಲು ಮಾಡಲ್ಲ.”

ಮಾವ ತಲೆಯೆತ್ತಿ ಮಹಡಿಯ ಕಡೆ ನೋಡಿದರು.

“ತಾಗುತ್ತಾ?”

“ಎಷ್ಟು ವರ್ಷದಿಂದ!”

“ನನಗ್ಯಾಕೆ ಹೇಳಲಿಲ್ಲ?”

“ನೀವು ಮಾತಾಡಿದ್ರೆ ತಾನೇ? ನೀವು ತಟ್ಟೆ ನೋಡ್ಕೊಂಡು ಕೂತಿರ್ತೀರಿ.”

“ನೀನು ಕೆಲಸದಿಂದ ಬಂದು ಹಣೆ ಒತ್ತಿಕೊಳ್ತಿರ್ತೀಯ. ಮುಖ ನೋಡಿದ್ರೆ ಮಾತಾಡಿಸೋಕೆ ಭಯ ಆಗೋದು. ಇನ್ನೊಂದು ಉಪದ್ರ ಯಾಕೆ ಅಂತ, ಬೇಗ ಉಂಡು ಇಳಿದುಬಿಡೋದು.”

ಅವಳು ಮಂಚದ ತುದಿಯಲ್ಲಿ ಕೂತಳು. ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು. ಮೇಲಿನ ಹೆಜ್ಜೆ, ನಲ್ಲಿ, ಪಾತ್ರೆ ಎಲ್ಲ ಇಲ್ಲಿಗೆ ಕೇಳಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ತಾನು ಸರಿಯಾಗಿ ನಿಲ್ಲಿಸದೆ ಬಂದಿದ್ದ ಸಿಂಕಿನ ನಲ್ಲಿ ತೊಟ್ಟಿಕ್ಕುವುದು ಸಹ ಕೇಳುತ್ತಿತ್ತು.

“ಬೇರೆ ಹೋಗು ಅಂತ ಹೇಳಿದ್ದು ಅಣ್ಣ ಅಲ್ವಾ ಮಾವ,” ಎಂದಳು. “ಅಣ್ಣನಿಗೆ ಬುದ್ಧಿ ಇರಲಿಲ್ಲ. ಯಾರಿಗೆ ಹೇಳ್ತಿದೀನಿ ಅಂತ ಗೊತ್ತಿರಲಿಲ್ಲ.”

ಮಾವ ಎದ್ದು ಮೇಜಿನ ಕೆಳಗಿದ್ದ ಸ್ಟೂಲನ್ನು ಕಾಲಿನಿಂದ ಎಳೆದು, ಕಂಪ್ಯೂಟರಿನ ಮುಂದೆ ತಮ್ಮ ಕುರ್ಚಿಯ ಪಕ್ಕಕ್ಕಿಟ್ಟರು. ಕಾಲುಗಳೆಲ್ಲ ಸರಿಯಾಗಿ ಊರಿವೆಯೇ ಎಂದು ಅಲ್ಲಾಡಿಸಿ ನೋಡಿದರು.

“ಆ ಬಾಗಿಲಿಗೆ ಕೆಳಗೆ ಸ್ವಲ್ಪ ಉಜ್ಜಿದ್ರೆ ಆಗುತ್ತೆ,” ಎಂದರು, ಅವಳ ಕಡೆ ನೋಡದೆ. “ನಾಳೆ ಮಾಡ್ತೀನಿ. ಅದು ಮುಗಿಯೋವರೆಗೂ ಎಲ್ಲಿಗೂ ಹೋಗಕ್ಕಾಗಲ್ಲ.”

ಅವಳು ಬಂದು ಸ್ಟೂಲಿನ ಮೇಲೆ ಕೂತಳು. ಆಗ ಇಬ್ಬರೂ ಒಟ್ಟಿಗೆ ಪರದೆ ನೋಡಿದರು.

ಕಲ್ಲಿನ ಬಾಗಿಲು ಮುಚ್ಚಿತ್ತು. ಬಿಳಿಪಾರಿವಾಳ ಎಲ್ಲೋ ದೂರದ ಬಯಲಲ್ಲಿ, ಕಣ್ಣಿಗೆ ಕಾಣುವಷ್ಟೂ ಜನರ ಹಿಂದೆ ನಿಂತಿತ್ತು. *ನಿಮ್ಮ ಮುಂದೆ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ. ದಯವಿಟ್ಟು ಕಾಯಿರಿ.* ಪಕ್ಕದಲ್ಲಿದ್ದ ಮಾವನ ಫೋನಿನಲ್ಲಿ ದಳವಾಯಿ ಬಾಯಿಗೆ ಬಂದಂತೆ ಬೈಯುತ್ತಿದ್ದ, ಕೊತ್ತಂಬರಿ ಮೊಲದ ಕೈಯಲ್ಲಿ ಐದನೇ ಸಲ ಸತ್ತಿದ್ದ.

ಅಣ್ಣ ಬರುವವರೆಗೆ ತಂಗಿ ಬಾಗಿಲು ದಾಟಲಿಲ್ಲ. ಕೊಟ್ಟ ಮಾತು ಉಳಿಯಿತು.